ಕಲಕಿದರೆ ತೆಳು, ಬಿಟ್ಟರೆ ಗಟ್ಟಿ

ನೀರು, ಹರಳೆಣ್ಣೆಯಂಥ ದ್ರವಗಳನ್ನು ಎಷ್ಟು ಹೊತ್ತು ಕಲಕಿದರೂ ಉಷ್ಣತೆ ಬದಲಾಗದ ಹೊರತು ಅವುಗಳ ಸ್ನಿಗ್ಧತೆ ಬದಲಾಗುವುದಿಲ್ಲ. ಗೋಡೆಗೆ ಬಳಿಯುವ ಪೇಂಟು, ತೈಲಬಾವಿ ಕೊರೆಯಲು ಬಳಸುವ ಬೆಂಟೊನೈಟ್ ಜೇಡಿಯ ರಾಡಿ ಹಾಗಲ್ಲ. ಒಂದೇ ವೇಗದಲ್ಲಿ ಕಲಕುತ್ತ ಹೋದರೆ ಹೊತ್ತು ಕಳೆದಂತೆ ತೆಳುವಾಗುತ್ತವೆ. ಸುಮ್ಮನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತವೆ. ಈ ಗುಣಕ್ಕೆ ಥಿಕ್ಸೊಟ್ರೊಪಿ ಎಂದು ಹೆಸರು. ಐರನ್ ಆಕ್ಸೈಡಿನ ಜೆಲ್ ಕುಲುಕಿದಾಗ ನೀರಾಗಿ, ನಿಂತಾಗ ಮತ್ತೆ ಹೆಪ್ಪಾಗುವುದನ್ನು ಶಾಲೆಕ್ ಮತ್ತು ಸೆಗ್ವಾರಿ 1923ರಲ್ಲೇ ವರದಿ ಮಾಡಿದ್ದರು.

ಕಾರಣ ಒಳರಚನೆಯಲ್ಲಿದೆ. ಬೆಂಟೊನೈಟಿನ ಕಣಗಳು ತೀರಾ ತೆಳುವಾದ ತಗಡುಗಳು. ನೀರಿನಲ್ಲಿ ಅವು ಒಂದಕ್ಕೊಂದು ಅಂಟಿ ಇಸ್ಪೀಟೆಲೆಯ ಮನೆಯಂತೆ ಜಾಲ ಕಟ್ಟಿಕೊಳ್ಳುತ್ತವೆ. ಹರಿವು ಜಾಲವನ್ನು ಮುರಿಯುತ್ತದೆ. ಕಣಗಳ ಎಡೆಬಿಡದ ಉಷ್ಣಚಲನೆ ಅವನ್ನು ಮತ್ತೆ ಹತ್ತಿರ ತಂದು ಕೂಡಿಸುತ್ತದೆ.

ಗಣಿತದ ಮಾದರಿ ಈ ಹಗ್ಗಜಗ್ಗಾಟವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯುತ್ತದೆ. ಜಾಲ ಪೂರ್ತಿ ಇದ್ದರೆ 1, ಪೂರ್ತಿ ಮುರಿದಿದ್ದರೆ 0. ಮುರಿದ ಭಾಗ ಎಷ್ಟಿದೆಯೋ ಅದಕ್ಕೆ ತಕ್ಕ ದರದಲ್ಲಿ ಕೂಡಿಕೆ ನಡೆಯುತ್ತದೆ. ಮುರಿತದ ದರ ಎರಡನ್ನು ಅವಲಂಬಿಸಿದೆ: ಉಳಿದಿರುವ ಜಾಲ ಮತ್ತು ದ್ರವದ ಪದರಗಳು ಒಂದರ ಮೇಲೊಂದು ಜಾರುವ ದರ. ಕೂಡಿಕೆಯಲ್ಲಿ ಮುರಿತವನ್ನು ಕಳೆದರೆ ಜಾಲ ಬದಲಾಗುವ ವೇಗ ಸಿಗುತ್ತದೆ. ಸ್ನಿಗ್ಧತೆ ಜಾಲದೊಂದಿಗೇ ಏರಿಳಿಯುತ್ತದೆ. ಮೂರ್ 1959ರಲ್ಲಿ ಮಂಡಿಸಿದ ಈ ಸಮೀಕರಣ ಇಂದಿಗೂ ಈ ಕ್ಷೇತ್ರದ ಬುನಾದಿ.

ಇಷ್ಟು ಸರಳ ಸಮೀಕರಣದಿಂದ ಹೊರಡುವ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಉದಾಹರಣೆಗೆ, ಕೂಡಿಕೆಯ ಸ್ಥಿರಾಂಕ ಸೆಕೆಂಡಿಗೆ 0.01, ಮುರಿತದ ಸ್ಥಿರಾಂಕ 0.1, ಜಾರುವ ದರ ಸೆಕೆಂಡಿಗೆ 10 ಎಂದಿಟ್ಟುಕೊಳ್ಳಬಹುದು. ಕಲಕಲು ಶುರುಮಾಡಿದ 3 ಸೆಕೆಂಡಿನಲ್ಲೇ ಜಾಲದ ಸುಮಾರು ಶೇ. 6ರಷ್ಟು ಮಾತ್ರ ಉಳಿದಿರುತ್ತದೆ. ಕೊನೆಗೆ ಅದು ಶೇ. 1ಕ್ಕೆ ಬಂದು ನಿಲ್ಲುತ್ತದೆ. ಕಲಕುವುದನ್ನು ನಿಲ್ಲಿಸಿದರೆ ಶೇ. 95ರಷ್ಟು ಜಾಲ ಮರಳಲು ಹೆಚ್ಚುಕಡಿಮೆ 5 ನಿಮಿಷ ಬೇಕು. ಕಲಕುವಾಗ ಎರಡೂ ಕ್ರಿಯೆಗಳು ಸೇರಿ ದ್ರವವನ್ನು ಸಮತೋಲಕ್ಕೆ ಒಯ್ಯುತ್ತವೆ, ನಿಂತಾಗ ನಿಧಾನವಾದ ಕೂಡಿಕೆಯೊಂದೇ ದುಡಿಯುತ್ತದೆ. ಬಾವಿ ಕೊರೆಯುವವರಿಗೆ ಈ ಲೆಕ್ಕ ಜೀವಾಳ. ಪಂಪು ನಿಂತಾಗ ರಾಡಿ ಹೆಪ್ಪುಗಟ್ಟಿ ಕಲ್ಲಿನ ಚೂರುಗಳನ್ನು ತಳಕ್ಕೆ ಬೀಳದಂತೆ ಹಿಡಿದಿರಬೇಕು, ಆದರೆ ಪಂಪು ಮತ್ತೆ ಓಡದಷ್ಟು ಗಟ್ಟಿಯಾಗಕೂಡದು. ಅದಕ್ಕೇ ರಾಡಿಯ ಹೆಪ್ಪಿನ ಬಲವನ್ನು 10 ಸೆಕೆಂಡು ಸುಮ್ಮನೆ ಬಿಟ್ಟ ಮೇಲೆ ಒಮ್ಮೆ, 10 ನಿಮಿಷ ಬಿಟ್ಟ ಮೇಲೆ ಇನ್ನೊಮ್ಮೆ ಎಂದು ಎರಡು ಸಲ ಅಳೆಯುವ ರೂಢಿಯಿದೆ.

ವೇಗದ ಬದಲು ಒತ್ತಡವನ್ನು ಸ್ಥಿರವಾಗಿಟ್ಟರೆ ಕಥೆಯೇ ಬೇರೆ. ಒಂದು ಮಿತಿಯ ಕೆಳಗೆ ದ್ರವ ಗಟ್ಟಿಯಾಗುತ್ತ ಹೋಗಿ ನಿಂತೇಬಿಡುತ್ತದೆ. ಮಿತಿ ದಾಟಿದರೆ ಹರಿದಷ್ಟೂ ತೆಳುವಾಗಿ, ತೆಳುವಾದಷ್ಟೂ ರಭಸವಾಗಿ ಹರಿಯುತ್ತದೆ. ಫ್ರಾನ್ಸಿನ ಕುಸ್ಸೊ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪ್ರಯೋಗ, ಮಾದರಿ ಎರಡರಲ್ಲೂ ತೋರಿಸಿದರು. ನಾರ್ವೆಯ ರಿಸ್ಸಾದಲ್ಲಿ 1978ರ ಏಪ್ರಿಲ್ 29ರಂದು ಆದದ್ದು ಇದೇ ಜಾತಿಯ ಅನಾಹುತ. ಕೆರೆದಂಡೆಯಲ್ಲಿ ಸುರಿದ ಸುಮಾರು 700 ಘನ ಮೀಟರ್ ಮಣ್ಣಿನ ಭಾರಕ್ಕೆ ಅಡಿಯ ಜೇಡಿ ಸೋತು, 33 ಹೆಕ್ಟೇರ್ ನೆಲ ನೀರಿನಂತೆ ಹರಿದುಹೋಯಿತು, ಒಬ್ಬರು ಸತ್ತರು. ಉಪ್ಪಿನಂಶ ತೊಳೆದುಹೋದ ಅಂಥ ಜೇಡಿಯಲ್ಲಿ ಮುರಿತವೇ ಎಲ್ಲ, ಕೂಡಿಕೆ ಅತ್ಯಲ್ಪ.

ಒಂದೇ ಸಂಖ್ಯೆಯ ಮಾದರಿಗೆ ಮಿತಿಯೂ ಇದೆ. ನಿಜವಾದ ದ್ರವದಲ್ಲಿ ಸಣ್ಣ ಗುಂಪುಗಳು ಬೇಗ, ದೊಡ್ಡ ಜಾಲ ತಡವಾಗಿ ಕೂಡುವುದರಿಂದ ಚೇತರಿಕೆ ಒಂದೇ ಲಯದಲ್ಲಿ ಸಾಗುವುದಿಲ್ಲ. ಹಾಗಾಗಿ ಹಲವು ಕಾಲಮಾನಗಳನ್ನು ಒಟ್ಟಿಗೆ ಹೊಂದಿಸಿದ, ರಬ್ಬರಿನಂಥ ಹಿಗ್ಗು-ಕುಗ್ಗನ್ನೂ ಸೇರಿಸಿಕೊಂಡ ಮಾದರಿಗಳು ಬಂದಿವೆ. ಅವುಗಳ ಸ್ಥಿರಾಂಕಗಳನ್ನು ಪತ್ತೆಮಾಡಲು ಜಾರುವ ದರವನ್ನು ಥಟ್ಟನೆ ಏರಿಸಿ ಇಳಿಸಿ, ಪ್ರತಿ ಸಲವೂ ಒತ್ತಡ ನೆಲೆಗೊಳ್ಳುವ ಬಗೆಯನ್ನು ಕ್ಷಣಕ್ಷಣಕ್ಕೂ ದಾಖಲಿಸುತ್ತಾರೆ.