ಕಡತದ ಕಿಟಕಿ ಹಗುರಾದರೆ ಹಳೆಯ ಕಂಪ್ಯೂಟರ್ ಚುರುಕಾದೀತೇ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಕೇರಳದ ಶಾಲೆಗಳಿಗಾಗಿ ‘ಕೈಟ್’ ಸಂಸ್ಥೆಯು ಸಿದ್ಧಪಡಿಸಿರುವ, ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೇ ಅವರ ಐಟಿ ಪಾಠಗಳು ನಡೆಯುತ್ತವೆ. ಅಂಥದೇ ವ್ಯವಸ್ಥೆಯನ್ನು ಮನೆಯ ಹಳೆಯ ಕಂಪ್ಯೂಟರಿಗೆ ಅಳವಡಿಸಿದಾಗ, ಚಿತ್ರಗಳಿಂದ ತುಂಬಿದ ಫೋಲ್ಡರನ್ನು ತೆರೆಯಲು ಯಂತ್ರವು ಏದುಸಿರು ಬಿಡುವುದುಂಟು. ಹೊಸದನ್ನು ಕೊಳ್ಳಲು ಹಣ ಹೊಂದಿಸುವ ಮೊದಲು, ಕಡತಗಳನ್ನು ತೋರಿಸುವ ತಂತ್ರಾಂಶವನ್ನೊಮ್ಮೆ ಪರಿಶೀಲಿಸುವುದು ಒಳಿತು.

ಈ ತಂತ್ರಾಂಶಕ್ಕೆ ಫೈಲ್ ಮ್ಯಾನೇಜರ್ ಎಂದು ಹೆಸರು. ಉಬುಂಟುವಿನಲ್ಲಿ ಮೊದಲೇ ಇರುವುದು ನಾಟಿಲಸ್. ಥುನಾರ್, ಪಿಸಿಮ್ಯಾನ್‌ಎಫ್‌ಎಂ, ಡಾಲ್ಫಿನ್ ಮುಂತಾದವು ಅದಕ್ಕೆ ಪರ್ಯಾಯಗಳು. 1994ರಲ್ಲಿ ಹುಟ್ಟಿದ ಮಿಡ್‌ನೈಟ್ ಕಮಾಂಡರ್ ಚಿತ್ರಗಳ ಗೊಡವೆಯಿಲ್ಲದೆ ಬರಿಯ ಅಕ್ಷರಗಳಲ್ಲಿಯೇ ಕೆಲಸ ಮಾಡುತ್ತದೆ. ಆದುದರಿಂದ ಬಹು ಹಗುರ.

ಫೋಲ್ಡರ್ ತೆರೆದೊಡನೆ ಫೈಲ್ ಮ್ಯಾನೇಜರ್ ಹೆಸರುಗಳ ಪಟ್ಟಿಯನ್ನಷ್ಟೇ ಕೊಡುವುದಿಲ್ಲ. ಪ್ರತಿಯೊಂದು ಛಾಯಾಚಿತ್ರವನ್ನೂ ಓದಿ, 128 ಅಥವಾ 256 ಪಿಕ್ಸೆಲ್‌ಗಳಷ್ಟು ಕಿರಿದಾದ ಪ್ರತಿಯೊಂದನ್ನು ರಚಿಸಿ, ಅಡಗಿದ ಫೋಲ್ಡರೊಂದರಲ್ಲಿ ಕೂಡಿಡುತ್ತದೆ. ಪ್ರೊಸೆಸರ್ ದಣಿಯುವುದು ಮುಖ್ಯವಾಗಿ ಇಲ್ಲಿಯೇ. ಹೀಗಾಗಿ ತಂತ್ರಾಂಶವನ್ನು ಬದಲಿಸುವ ಮೊದಲು ನಾಟಿಲಸ್‌ನ ಆಯ್ಕೆಗಳಲ್ಲಿ ಈ ಕಿರುಚಿತ್ರಗಳನ್ನು ನಿಲ್ಲಿಸಿ ನೋಡಬೇಕು. ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ.

ಪರ್ಯಾಯವೊಂದನ್ನು ಸೇರಿಸಿದ ಮಾತ್ರಕ್ಕೆ ಮೆಮೊರಿ ಉಳಿಯುವುದೆಂಬ ಭರವಸೆಯಿಲ್ಲ. ವಿಂಡೋಸ್‌ನಲ್ಲಿ ಕೆಳಗಿನ ಟಾಸ್ಕ್‌ಬಾರನ್ನು ನಡೆಸುವುದೂ ಎಕ್ಸ್‌ಪ್ಲೋರರೇ. ಬೇರೊಂದು ಫೈಲ್ ಮ್ಯಾನೇಜರ್ ಬಂದರೂ ಅದು ಮೆಮೊರಿಯಿಂದ ಕದಲುವುದಿಲ್ಲ. ಲಿನಕ್ಸ್‌ನಲ್ಲಿ ಡಾಲ್ಫಿನ್ ‘ಕ್ಯೂಟಿ’ ಎಂಬ ಲೈಬ್ರರಿಯನ್ನು ಅವಲಂಬಿಸಿದರೆ, ನಾಟಿಲಸ್ ಮತ್ತು ಥುನಾರ್ ‘ಜಿಟಿಕೆ’ಯನ್ನು ಅವಲಂಬಿಸುತ್ತವೆ. ಜಿಟಿಕೆ ತಳಹದಿಯ ಪರಿಸರದಲ್ಲಿ ಡಾಲ್ಫಿನ್ ತೆರೆದರೆ ಎರಡು ಲೈಬ್ರರಿಗಳ ಭಾರವೂ ಮೆಮೊರಿಯ ಮೇಲೆ ಬೀಳುತ್ತದೆ. ಹಾಗೆಂದು ನಾಟಿಲಸ್ಸನ್ನು ಕಿತ್ತುಹಾಕುವುದು ಸಲ್ಲದು. ಡೆಸ್ಕ್‌ಟಾಪಿನ ಇತರ ಭಾಗಗಳು ಅದರೊಂದಿಗೆ ಹೆಣೆದುಕೊಂಡಿವೆ.

ಹೋಲಿಕೆಯಲ್ಲಿಯೂ ಎಚ್ಚರ ಬೇಕು. ಒಮ್ಮೆ ಓದಿದ ಮಾಹಿತಿಯನ್ನು ಲಿನಕ್ಸ್ ಖಾಲಿ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ನಾಟಿಲಸ್‌ನಲ್ಲಿ ತೆರೆದ ಫೋಲ್ಡರನ್ನೇ ಮರುಕ್ಷಣ ಥುನಾರ್‌ನಲ್ಲಿ ತೆರೆದರೆ ಎರಡನೆಯದು ಗೆಲ್ಲುವುದು ಸಹಜ. ಅದು ಥುನಾರ್‌ನ ಹಿರಿಮೆಯಲ್ಲ. ಪ್ರತಿ ಪರೀಕ್ಷೆಗೂ ಮುನ್ನ ಕಂಪ್ಯೂಟರನ್ನು ಮರುಪ್ರಾರಂಭಿಸಬೇಕು. ಕಿರುಚಿತ್ರಗಳ ಆಯ್ಕೆ ಎರಡರಲ್ಲಿಯೂ ಒಂದೇ ಬಗೆಯಾಗಿರಬೇಕು. ಆ ಬಳಿಕ ‘ಸಿಸ್ಟಂ ಮಾನಿಟರ್’ನಲ್ಲಿ ಯಾವುದು ಎಷ್ಟು ಮೆಮೊರಿ ಬಳಸುತ್ತದೆಂದು ನೋಡಬೇಕು. ಥುನಾರ್‌ಗೆ ಕಿರುಚಿತ್ರ ರಚಿಸಿಕೊಡುವುದು ‘ಟಂಬ್ಲರ್’ ಎಂಬ ಪ್ರತ್ಯೇಕ ಸೇವೆ. ಅದರ ಲೆಕ್ಕವನ್ನೂ ಕೂಡಿಸದಿದ್ದರೆ ತೂಕ ತಪ್ಪುತ್ತದೆ.

ದೊಡ್ಡ ಕಡತಗಳನ್ನು ನಕಲಿಸುವ ವೇಗವಾದರೋ ಬಹುಮಟ್ಟಿಗೆ ಡಿಸ್ಕ್ ಹಾಗೂ ಯುಎಸ್‌ಬಿಯ ಅಳತೆಗೆ ಒಳಪಟ್ಟದ್ದು. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎಂದರೆ ಲೆಕ್ಕದಲ್ಲಿ 60 ಮೆಗಾಬೈಟ್. ಕೈಗೆ ದಕ್ಕುವುದು ಅದಕ್ಕಿಂತಲೂ ಕಡಿಮೆ. ಯಾವ ಫೈಲ್ ಮ್ಯಾನೇಜರೂ ಈ ಮಿತಿಯನ್ನು ದಾಟಲಾರದು. ‘ಮುಗಿಯಿತು’ ಎಂದು ಪರದೆ ತೋರಿಸಿದಾಗಲೂ ಕೆಲವು ಭಾಗ ಇನ್ನೂ ಮೆಮೊರಿಯಲ್ಲಿಯೇ ಇರಬಹುದು. ‘ಇಜೆಕ್ಟ್’ ಮಾಡದೆ ಪೆನ್‌ಡ್ರೈವ್ ಕಿತ್ತರೆ ಮಗುವಿನ ಪ್ರಾಜೆಕ್ಟ್ ಕೆಟ್ಟುಹೋಗಬಹುದು.

ಕಡಿಮೆ ಮೆಮೊರಿಯ ಯಂತ್ರಕ್ಕೆ ಥುನಾರ್ ಅಥವಾ ಪಿಸಿಮ್ಯಾನ್‌ಎಫ್‌ಎಂ ಉಪಕಾರಿಯಾದೀತು, ಎರಡೂ ಉಚಿತ. ಆದರೆ ಬ್ರೌಸರಿನಲ್ಲಿ ಹತ್ತಾರು ಪುಟಗಳನ್ನು ತೆರೆದಿಟ್ಟರೆ ಆ ಉಳಿತಾಯ ಕ್ಷಣದಲ್ಲಿ ಕರಗಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಯಂತ್ರ ನಿಧಾನವೆನಿಸಿದರೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಮುಂದಿನ ಹೆಜ್ಜೆ. ಹೊಸ ಕಂಪ್ಯೂಟರಿನ ಮಾತು ಅದರ ನಂತರದ್ದು.