ಚಿತ್ರಕಥೆಯ ವಿಮರ್ಶೆಯಲ್ಲಿ ಚಿತ್ರವೇ ಇಲ್ಲ!

ಮಕ್ಕಳಿಗೆ ಕಾಮಿಕ್ಸ್ ಕೊಳ್ಳುವ ಮುಂಚೆ ಅದನ್ನು ಓದಿದವರು ಬರೆದ ನಾಲ್ಕು ಮಾತನ್ನು ನೀವೂ ನೋಡುತ್ತೀರಿ, ಅಲ್ಲವೇ? ನಿಮ್ಮ ಮಗನೋ ಮಗಳೋ ಶಾಲೆಯ ಪತ್ರಿಕೆಗೆ ಅಂಥದನ್ನು ಬರೆಯುತ್ತಲೂ ಇರಬಹುದು. ಅಭಿಮಾನಿಗಳು ಬರೆಯುವ ಇಂಥ ವಿಮರ್ಶೆಗಳಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಕೊರತೆ ಬೇರೆ ಕಡೆ ಇದೆ.

ಕಥೆಯನ್ನೆಲ್ಲ ಒಪ್ಪಿಸುವುದು: ಮೊದಲ ಪುಟದಿಂದ ಕೊನೆಯ ಗುಟ್ಟಿನವರೆಗೆ ಹೇಳಿಬಿಟ್ಟರೆ ಪುಸ್ತಕ ಯಾಕೆ ಬೇಕು? ಶುರುವಿನ ಸನ್ನಿವೇಶವನ್ನು ಮೂರು ವಾಕ್ಯದಲ್ಲಿ ಹೇಳಿದರೆ ಸಾಕು.

ಚಿತ್ರವನ್ನು ಮರೆಯುವುದು: ಇದೇ ದೊಡ್ಡ ತಪ್ಪು. 1967ರಲ್ಲಿ 'ಅಮರ ಚಿತ್ರಕಥೆ' ಆರಂಭಿಸಿದ ಕಾರ್ಕಳದ ಅನಂತ ಪೈ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಮಾಲೆಯ 'ಕೃಷ್ಣ'ನಿಗೆ ಚಿತ್ರ ಬರೆದವರು ಯಾರು? ರಾಮ್ ವಾಯೀರ್‌ಕರ್. 'ಟಿಂಕಲ್' ಪತ್ರಿಕೆಯ ಪೆದ್ದ ಸುಪ್ಪಾಂಡಿಗೆ ರೂಪ ಕೊಟ್ಟದ್ದೂ ಅದೇ ಕೈ! ಇಡೀ ಪುಟಕ್ಕೆ ಒಂದೇ ಚಿತ್ರ ಎಲ್ಲಿದೆ, ಯಾಕಿದೆ? ಮಾತಿಲ್ಲದೆ ಮುಖವೇ ಕಥೆ ಹೇಳುತ್ತದೆಯೇ? ಅಕ್ಷರ ಓದಲು ಸಲೀಸೇ? ಇದನ್ನೆಲ್ಲ ಬರೆಯಬೇಕು.

ಅನುವಾದಕರನ್ನು ಬಿಡುವುದು: ಫ್ರಾನ್ಸಿನ 'ಆಸ್ಟೆರಿಕ್ಸ್' ಬರೆದವರು ಗೊಸಿನಿ, ಚಿತ್ರ ಉಡೆರ್ಜೊ ಅವರದು. ಮೂಲದಲ್ಲಿ 'ಇಡೆಫಿಕ್ಸ್' ಆಗಿರುವ ಪುಟ್ಟ ನಾಯಿ ಇಂಗ್ಲಿಷಿನಲ್ಲಿ 'ಡಾಗ್‌ಮ್ಯಾಟಿಕ್ಸ್' ಆಯಿತು. ಹೆಸರಿನೊಳಗೇ ನಾಯಿ ಬಂದು ಕೂತಿತು! ಆ ಜಾಣತನ ಆಂಥಿಯಾ ಬೆಲ್ ಎಂಬ ಮಹಿಳೆ ಮತ್ತು ಅವರ ಜೊತೆಗಾರ ಡೆರೆಕ್ ಹಾಕ್‌ರಿಜ್ ಅವರದು. ನಗು ಬಂದ ಕಡೆ, ನಗಿಸಿದವರು ಯಾರೆಂದು ನೋಡುವುದು ಬೇಡವೇ?

ಬರೀ 'ಸೂಪರ್', ಬರೀ 'ಬೋರು': ಸಾರು ಚೆನ್ನಾಗಿಲ್ಲ ಅಂದರೆ ನಾವು ಸುಮ್ಮನಿರ್ತೀವಾ? ಉಪ್ಪು ಕಮ್ಮಿಯೋ, ಹುಳಿ ಜಾಸ್ತಿಯೋ ಅಂತ ಕೇಳ್ತೀವಿ. ವಿಮರ್ಶೆಯನ್ನೂ ಹಾಗೇ ಕೇಳಿ.

ಮೆಚ್ಚಿದ್ದರಲ್ಲಿ ಕೊರತೆ ಕಾಣದಿರುವುದು: 'ಅಮರ ಚಿತ್ರಕಥೆ'ಯಲ್ಲಿ ನಾಯಕ ನಾಯಕಿಯರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಎಂಬ ಟೀಕೆ ಬಹಳ ಹಿಂದಿನದು. ಬಾಲ್ಯದ ನೆನಪಿನಲ್ಲಿ ಮುಳುಗಿದ ಅಭಿಮಾನಿ ಇದನ್ನು ಬರೆಯುವುದೇ ಇಲ್ಲ. ಆದರೆ ಮನೆಯ ಕಪ್ಪು ಬಣ್ಣದ ಪುಟ್ಟ ಹುಡುಗಿ ಆ ಚಿತ್ರಗಳನ್ನು ನೋಡ್ತಾಳೆ, ತಾನು ಯಾರ ಹಾಗಿದ್ದೇನೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕ್ತಾಳೆ. ಪುಸ್ತಕ ಕೈಗೆ ಕೊಡುವ ತಾಯಿಗೆ ಈ ಮಾತು ಮೊದಲೇ ತಿಳಿದಿದ್ದರೆ, ಜೊತೆಗೆ ಕೂತು ಓದಿ ನಾಲ್ಕು ಮಾತು ಹೇಳಬಹುದು.

ಪ್ರೀತಿಯಿಂದಲೇ ಬರೆಯಲಿ, ಬೇಡ ಅನ್ನಬೇಡಿ. ಕಣ್ಣು ಮಾತ್ರ ತೆರೆದಿರಲಿ.