ಚಾನೆಲ್ ವಿ ಯಾಕೆ ಮುಚ್ಚಿತು? ಪುಕ್ಕಟೆ ಹಾಡಿನ ಹಿಂದಿನ ಲೆಕ್ಕ

ತೊಂಬತ್ತರ ದಶಕದಲ್ಲಿ ಕೇಬಲ್ ಕನೆಕ್ಷನ್ ಇದ್ದ ಮನೆಯಲ್ಲಿ ಬೆಳೆದವರಿಗೆ ಚಾನೆಲ್ ವಿ ಗೊತ್ತೇ ಇರುತ್ತೆ. ಇಡೀ ದಿನ ಹಾಡು, ನಡುನಡುವೆ ತಲೆಹರಟೆ ಮಾಡುವ ನಿರೂಪಕರು. 1994ರಲ್ಲಿ ಶುರುವಾದ ಈ ಚಾನೆಲ್ ಭಾರತದಲ್ಲಿ ಬಂದ್ ಆಗಿದ್ದು 2018ರ ಸೆಪ್ಟೆಂಬರ್‌ನಲ್ಲಿ.

ಯಾರನ್ನ ಕೇಳಿದರೂ "ಮೊಬೈಲ್‌ಗೆ ಯೂಟ್ಯೂಬ್ ಬಂತು, ಹಾಡಿನ ಚಾನೆಲ್ ಹೋಯ್ತು" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಅದು ಅರ್ಧ ಸತ್ಯ. ಯಾಕಂದ್ರೆ ಚಾನೆಲ್ ವಿ ಹಾಡು ಹಾಕೋದನ್ನ 2012ರಲ್ಲೇ ನಿಲ್ಲಿಸಿತ್ತು. ಅಗ್ಗದ ಡೇಟಾ ತಂದ ಜಿಯೋ ಬಂದಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಹಾಗಾದ್ರೆ ಕಾಯಿಲೆ ಮೊದಲೇ ಇತ್ತು ಅಂತಾಯ್ತು.

ಆ ಕಾಯಿಲೆ ಅರ್ಥ ಆಗಬೇಕಂದ್ರೆ ಚಾನೆಲ್ ಹುಟ್ಟಿದ್ದು ಹೇಗೆ ಅಂತ ನೋಡಬೇಕು. 1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಶುರುವಾಯ್ತು. ಅದರ ಕಂತೆಯಲ್ಲಿ ಅಮೆರಿಕದ ಎಂಟಿವಿಯೂ ಇತ್ತು. 1993ರಲ್ಲಿ ಸ್ಟಾರ್‌ನ ದೊಡ್ಡ ಪಾಲು ಮರ್ಡಾಕ್ ಕೈಗೆ ಹೋಯ್ತು. ಮರು ವರ್ಷವೇ ಎಂಟಿವಿಗೂ ಸ್ಟಾರ್‌ಗೂ ಸರಿಬರದೆ ಎಂಟಿವಿ ಹೊರಗೆ ನಡೀತು. ಖಾಲಿಯಾದ ಜಾಗಕ್ಕೆ ಸ್ಟಾರ್ ತನ್ನದೇ ಹಾಡಿನ ಚಾನೆಲ್ ತಂದಿತು. ಅದೇ ಚಾನೆಲ್ ವಿ. ಜಗಳದಲ್ಲಿ ಹುಟ್ಟಿದ ಕೂಸು.

ಆಗ ಅದು ಫ್ರೀ-ಟು-ಏರ್. ಅಂದ್ರೆ ಉಪಗ್ರಹದಿಂದ ಬರೋ ಸಿಗ್ನಲ್‌ಗೆ ಬೀಗ ಇರಲಿಲ್ಲ. ಮಹಡಿ ಮೇಲೆ ದೊಡ್ಡ ಡಿಶ್ ಕೂರಿಸಿ, ಒಂದು ರಿಸೀವರ್ ಇಟ್ಟರೆ ಯಾರು ಬೇಕಾದ್ರೂ ಹಿಡೀಬಹುದಿತ್ತು. ಕೇಬಲ್‌ನವರು ಹಿಡಿದು ಬೀದಿ ಬೀದಿಗೆ ವೈರ್ ಎಳೆದ್ರು. ತಿಂಗಳಿಗೆ ಮನೆಯವರು ಕೊಡ್ತಿದ್ದ ದುಡ್ಡು ಕೇಬಲ್‌ನವರ ಜೇಬಿಗೆ, ಚಾನೆಲ್‌ಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಹಾಗಿದ್ರೆ ಖರ್ಚು ನೋಡಿಕೊಂಡಿದ್ದು ಯಾರು? ಒಂದು ಕಡೆ ಜಾಹೀರಾತಿನವರು. ಇನ್ನೊಂದು ಕಡೆ ಕ್ಯಾಸೆಟ್ ಕಂಪನಿಗಳು. ಈ ಎರಡನೇದೇ ಮುಖ್ಯ. ಸೋಪಿನ ಕಂಪನಿ ತನ್ನ ಹೆಸರು ಹಾಕಿ ಅಂಗಡಿಗೆ ಪುಕ್ಕಟೆ ಬೋರ್ಡ್ ಬರೆಸಿಕೊಡುತ್ತಲ್ಲ, ಹಾಗೆ. ಹಾಡಿನ ವಿಡಿಯೊ ಕ್ಯಾಸೆಟ್ ಕಂಪನಿಗೆ ಬೋರ್ಡ್ ಇದ್ದಂಗೆ. ತನ್ನ ಖರ್ಚಲ್ಲಿ ಶೂಟಿಂಗ್ ಮಾಡಿಸಿ ಚಾನೆಲ್‌ಗೆ ಕೊಡ್ತಿತ್ತು. ಜನ ಟಿವಿಯಲ್ಲಿ ನೋಡಿ ಅಂಗಡಿಗೆ ಹೋಗಿ ಕ್ಯಾಸೆಟ್ ತಗೊಂಡ್ರೆ ಖರ್ಚು ವಾಪಸ್.

ಈ ಲೆಕ್ಕ ಸುಮಾರು ವರ್ಷ ಚೆನ್ನಾಗೇ ನಡೀತು. ಸಿನಿಮಾ ಇಲ್ಲದ ಹಾಡುಗಳಿಗೆ ಅಂದ್ರೆ ಇಂಡಿಪಾಪ್‌ಗೆ ಹಾಡಿನ ಚಾನೆಲ್‌ಗಳೇ ದೊಡ್ಡ ಶೋಕೇಸ್. 1995ರ ಅಲಿಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ದೇಶ ಪೂರ್ತಿ ಓಡಿತು. ಅದಕ್ಕೆ ಸಂಗೀತ ಕೊಟ್ಟ ಬಿಡ್ಡು ಬೆಂಗಳೂರಲ್ಲಿ ಹುಟ್ಟಿದವರು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮರು ವರ್ಷ ಲಕ್ಕಿ ಅಲಿ ಅವರ 'ಓ ಸನಮ್' ಬಂತು. 2002ರಲ್ಲಿ ಚಾನೆಲ್ ವಿ ತಾನೇ 'ಪಾಪ್‌ಸ್ಟಾರ್ಸ್' ಅನ್ನೋ ಸ್ಪರ್ಧೆ ನಡೆಸಿ ಐದು ಹುಡುಗಿಯರ 'ವಿವಾ' ತಂಡ ಕಟ್ಟಿತು. ಇವತ್ತು ಸಿನಿಮಾಗೆ ಹಾಡುವ ನೇಹಾ ಭಸೀನ್ ಅದರಲ್ಲಿದ್ದರು.

ಹಾಡಿನ ಜೊತೆ ತಮಾಷೆಯೂ ಚಾನೆಲ್‌ನ ಬಂಡವಾಳ. ಕೌಬಾಯ್ ವೇಷದ ಕ್ವಿಕ್ ಗನ್ ಮುರುಗನ್, ಆಮೇಲೆ ಮಲ್ಲಿಗೆ ಮುಡಿದ ಲೋಲಾ ಕುಟ್ಟಿ. ಮುರುಗನ್ ಮೇಲೆ 2009ರಲ್ಲಿ ಸಿನಿಮಾನೇ ಬಂತು. ದಕ್ಷಿಣದವರ ಉಚ್ಚಾರಣೆ ಗೇಲಿ ಮಾಡೋದಕ್ಕೆ ಅಲ್ಲಿ ಜಾಗ ಇತ್ತು, ದಕ್ಷಿಣದ ಹಾಡಿಗೆ ಮಾತ್ರ ಅಷ್ಟಕ್ಕಷ್ಟೆ. ಅದು ಹಿಂದಿ-ಇಂಗ್ಲಿಷ್ ಚಾನೆಲ್ ಅನ್ನೋದನ್ನ ಮರೀಬಾರದು.

ಲೆಕ್ಕ ತಪ್ಪಿದ್ದು ಎರಡು ಸಾವಿರದ ನಂತರ. ನೂರಾರು ಹಾಡು ತುಂಬಿದ ಎಂಪಿ3 ಸಿಡಿ ಬಸ್ ಸ್ಟ್ಯಾಂಡ್‌ನಲ್ಲೇ ಸಿಗೋಕೆ ಶುರುವಾದ ಮೇಲೆ ಕ್ಯಾಸೆಟ್ ಯಾರು ತಗೋತಾರೆ? ಕ್ಯಾಸೆಟ್ ಮಾರಾಟ ಬಿತ್ತು. ಆಗ ಹಾಡಿನ ಕಂಪನಿಗಳು ಬೇರೆ ಆದಾಯ ಹುಡುಕಿದವು. ಟಿವಿಯಲ್ಲಿ ನಮ್ಮ ಹಾಡು ಹಾಕೋದಾದ್ರೆ ರಾಯಲ್ಟಿ ಕೊಡಿ ಅಂದವು. ಪುಕ್ಕಟೆ ಬೋರ್ಡ್ ಬರೆಸಿಕೊಟ್ಟ ಕಂಪನಿಯೇ ಬಂದು, ಬೋರ್ಡ್ ಇಟ್ಕೊಂಡಿದ್ದಕ್ಕೆ ಬಾಡಿಗೆ ಕೊಡು ಅಂದಂಗಾಯ್ತು.

ಇತ್ತ ಸ್ಪರ್ಧೆಯೂ ಜಾಸ್ತಿಯಾಯ್ತು. ಎಂಟಿವಿ 1996ರಲ್ಲೇ ವಾಪಸ್ ಬಂದಿತ್ತು, ಬಿ4ಯು ಮ್ಯೂಸಿಕ್ ಬಂತು, 2007ರಲ್ಲಿ 9ಎಕ್ಸ್‌ಎಂ ಬಂತು. ಎಲ್ಲರ ಹತ್ರ ಇರೋದು ಅದೇ ಹಿಂದಿ ಸಿನಿಮಾ ಹಾಡು. ಒಂದೇ ಬೀದೀಲಿ ನಾಲ್ಕು ಅಂಗಡಿ, ನಾಲ್ಕರಲ್ಲೂ ಅದೇ ಮಾಲು.

ಇನ್ನೊಂದು ಸಮಸ್ಯೆ ಟಿಆರ್‌ಪಿಯದ್ದು. ಜಾಹೀರಾತಿನ ರೇಟು ನಿಲ್ಲೋದು ಎಷ್ಟು ಜನ, ಎಷ್ಟು ಹೊತ್ತು ನೋಡಿದ್ರು ಅನ್ನೋದರ ಮೇಲೆ. ಸೀರಿಯಲ್ ನೋಡೋರು ಅರ್ಧ ಗಂಟೆ ಕೂರ್ತಾರೆ. ಹಾಡು ನೋಡೋರು ಇಷ್ಟ ಇಲ್ಲದ ಹಾಡು ಬಂದ ತಕ್ಷಣ ರಿಮೋಟ್ ಒತ್ತುತ್ತಾರೆ. ಹೋಟೆಲ್‌ನಲ್ಲೋ ಸಲೂನ್‌ನಲ್ಲೋ ದಿನವಿಡೀ ಹಾಡು ಓಡಿದ್ರೂ ಅದು ಟಿಆರ್‌ಪಿ ಲೆಕ್ಕಕ್ಕಿಲ್ಲ, ಮೀಟರ್ ಇರೋದು ಆಯ್ದ ಮನೆಗಳಲ್ಲಿ.

ಅದಕ್ಕೇ 2012ರಲ್ಲಿ ಚಾನೆಲ್ ವಿ ಹಾಡು ಬಿಟ್ಟು ಕಾಲೇಜು ಹುಡುಗರ ಸೀರಿಯಲ್ ಹಿಡೀತು. 'ಗುಮ್ರಾಹ್', 'ಸಡ್ಡಾ ಹಕ್' ಒಂದಷ್ಟು ದಿನ ಓಡಿದವು. ಆದ್ರೆ ಹಳೇ ಗಿರಾಕಿ ಹೋದ, ಹೊಸಬ ಪೂರ್ತಿ ನಿಲ್ಲಲಿಲ್ಲ. 2016ರಲ್ಲಿ ಮತ್ತೆ ಹಾಡಿಗೆ ವಾಪಸ್ ಬಂದಾಗ ಹೊತ್ತು ಮೀರಿತ್ತು. ಅದೇ ವರ್ಷ ಜಿಯೋ. ಬೇಕಾದ ಹಾಡು, ಬೇಕಾದಾಗ, ಕೈಯಲ್ಲೇ. ಟಿ-ಸೀರೀಸ್‌ನಂಥ ಕಂಪನಿಗಳು ತಮ್ಮ ವಿಡಿಯೊ ತಾವೇ ಯೂಟ್ಯೂಬ್‌ಗೆ ಹಾಕಿ ಜಾಹೀರಾತಿನ ಪಾಲು ಪಡೀತಿದ್ದವು. ಮಧ್ಯದಲ್ಲಿ ಚಾನೆಲ್ ಯಾಕೆ ಬೇಕು?

ಸ್ಟಾರ್‌ನವರ ಗಮನವೂ ಆಗ ಕ್ರಿಕೆಟ್ ಮೇಲೆ. 2017ರಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕಿಗೆ 16,347.5 ಕೋಟಿ ರೂಪಾಯಿ ಕೊಟ್ಟ ಕಂಪನಿಗೆ ನಷ್ಟದ ಹಾಡಿನ ಅಂಗಡಿ ನಡೆಸುವ ದರ್ದು ಏನಿತ್ತು? ಮರು ವರ್ಷ ಬಾಗಿಲು ಹಾಕಿದರು.

ಪುಕ್ಕಟೆ ಹಾಡಿನ ಚಾನೆಲ್ ಪೂರ್ತಿ ಹೋಗಿಲ್ಲ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಇವತ್ತಿಗೂ ಸಿಗುತ್ತವೆ. ಆದ್ರೆ ಅಲ್ಲಿ ಜಾಗ ಬೇಕಂದ್ರೆ ಚಾನೆಲ್‌ನವರೇ ಪ್ರಸಾರ ಭಾರತಿಯ ಹರಾಜಿನಲ್ಲಿ ಕೂಗಿ ದುಡ್ಡು ಕಟ್ಟಬೇಕು. ಆ ದುಡ್ಡು, ಹಾಡಿನ ರಾಯಲ್ಟಿ ಎರಡೂ ಜಾಹೀರಾತಿನಿಂದಲೇ ಹುಟ್ಟಬೇಕು. ಎರಡು ಹಾಡಿನ ನಡುವೆ ಅಷ್ಟುದ್ದ ಜಾಹೀರಾತು ಯಾಕೆ ಅಂತ ಬೈಯೋರಿಗೆ ಉತ್ತರ ಅಲ್ಲಿದೆ.